ಡ್ರಾಯಿಂಗ್ ಮಾಸ್ತರರ ಪರಂಪರೆ

ಕನ್ನಡ ನಾಡಿನ ಪ್ರೌಢಶಾಲೆಗಳ ವೇಳಾಪಟ್ಟಿಯಲ್ಲಿ ಚಿತ್ರಕಲೆಗೆ ಒಂದು ಗಂಟೆ ದೊರೆತುದರ ಹಿಂದೆ ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನ ಕೈಗಾರಿಕಾ ಆತಂಕವಿದೆ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಭಾರತದ ನೇಯ್ಗೆ, ಲೋಹಕೆಲಸ ಹಾಗೂ ಕೆತ್ತನೆಗಳ ಎದುರು ಇಂಗ್ಲೆಂಡಿನ ಯಂತ್ರನಿರ್ಮಿತ ಸರಕುಗಳ ಅಲಂಕರಣವು ಸಪ್ಪೆಯಾಗಿ ಕಂಡಿತು. ಈ ಕೊರತೆಯನ್ನು ನೀಗಲೆಂದು ಹೆನ್ರಿ ಕೋಲ್ ಮತ್ತು ರಿಚರ್ಡ್ ರೆಡ್‌ಗ್ರೇವ್ ಎಂಬಿಬ್ಬರು 23 ಹಂತಗಳ ಒಂದು ಪಠ್ಯಕ್ರಮವನ್ನು ರೂಪಿಸಿದರು. ಸೌತ್ ಕೆನ್ಸಿಂಗ್ಟನ್ ಪದ್ಧತಿಯೆಂದು ಹೆಸರಾದ ಈ ಕ್ರಮದಲ್ಲಿ ವಿದ್ಯಾರ್ಥಿಯು ಮೊದಲು ಅಚ್ಚಿನ ರೇಖಾಚಿತ್ರಗಳನ್ನು ನಕಲು ಮಾಡಿ, ಬಳಿಕ ಸುಣ್ಣಗಾರೆಯ ಎರಕದ ಎಲೆ, ಹೂವು, ಕಂಬದ ಬೋದಿಗೆಗಳನ್ನು ನೋಡಿ ಬರೆದು, ನೆರಳು ಬೆಳಕು ಹಾಕುವುದನ್ನು ಅಭ್ಯಾಸ ಮಾಡಿದ ಮೇಲಷ್ಟೇ ಬಣ್ಣದ ಕಡೆಗೂ ಸ್ವಂತ ವಿನ್ಯಾಸದ ಕಡೆಗೂ ಹೊರಳಬೇಕಿತ್ತು. ಭಾರತದ ಕುಶಲಕರ್ಮಿಗಳ ಕೆಲಸದ ಎದುರು ತಮ್ಮ ಸರಕಿನ ಕೊರತೆಯನ್ನು ಕಂಡುಕೊಂಡವರು ರೂಪಿಸಿದ ಈ ಪದ್ಧತಿಯೇ ಮುಂದೆ ಅದೇ ಕುಶಲಕರ್ಮಿಗಳ ಮಕ್ಕಳಿಗೆ ಚಿತ್ರ ಕಲಿಸಲು ಭಾರತಕ್ಕೆ ಬಂದುದು ವಸಾಹತು ಶಿಕ್ಷಣದ ವಿಚಿತ್ರಗಳಲ್ಲಿ ಒಂದು.

ಮದರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯನು 1850ರಲ್ಲಿ ಆರಂಭಿಸಿದ ಕಲಾಶಾಲೆಯೂ, ಜಮ್‌ಶೇಟ್‌ಜೀ ಜೀಜೀಭಾಯಿಯವರು ಕೊಟ್ಟ ಒಂದು ಲಕ್ಷ ರೂಪಾಯಿಗಳ ದೇಣಿಗೆಯಿಂದ 1857ರಲ್ಲಿ ಮುಂಬಯಿಯಲ್ಲಿ ಪಾಠ ತೊಡಗಿದ ಜೆ.ಜೆ. ಕಲಾಶಾಲೆಯೂ ಈ ಪದ್ಧತಿಯ ಪ್ರಸಾರಕೇಂದ್ರಗಳಾದವು. ಕನ್ನಡ ಮಾತನಾಡುವ ಪ್ರದೇಶವು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರಿಂದ ಶಾಲೆಯ ಚಿತ್ರಪಾಠವೂ ಒಂದೇ ದಾರಿಯಲ್ಲಿ ಬರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿಯ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಪರೀಕ್ಷೆಗಳ ವ್ಯಾಪ್ತಿಗೆ ಬಂದರೆ, ಮಂಗಳೂರು, ಬಳ್ಳಾರಿಗಳು ಮದರಾಸಿನ ಲೋಯರ್ ಮತ್ತು ಹೈಯರ್ ಪರೀಕ್ಷೆಗಳತ್ತ ನೋಡಿದವು. ಮೈಸೂರು ಸಂಸ್ಥಾನವು ತನ್ನದೇ ಕೈಗಾರಿಕಾ ಶಾಲೆಗಳನ್ನು ಕಟ್ಟಿಕೊಂಡಿತು. ನಿಜಾಮನ ಆಡಳಿತದ ಕಲಬುರಗಿ ಭಾಗದಲ್ಲಿ ಹೊರಗಿನಿಂದ ಕಲಿತು ಬಂದ ಒಬ್ಬಿಬ್ಬರು ಶಿಕ್ಷಕರೇ ಎಲ್ಲಕ್ಕೂ ಆಧಾರವಾಗಿದ್ದರು.

ಪರೀಕ್ಷೆಯ ಸ್ವರೂಪವನ್ನು ತುಸು ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ತರಗತಿಯಲ್ಲಿ ನಡೆಯುತ್ತಿದ್ದ ಪಾಠವೆಲ್ಲ ಅದರ ನೆರಳೇ ಆಗಿತ್ತು. ಅದರ ಮುಖ್ಯ ಪತ್ರಿಕೆಗಳೆಂದರೆ ಅಳತೆಯ ಉಪಕರಣಗಳಿಲ್ಲದೆ ಬರಿಗೈಯಿಂದ ಗೆರೆ ಎಳೆಯುವ ಮುಕ್ತಹಸ್ತ ಚಿತ್ರಣ, ಎದುರಿಗಿಟ್ಟ ಪಾತ್ರೆ ಪದಾರ್ಥಗಳನ್ನು ಬರೆಯುವ ವಸ್ತುಚಿತ್ರಣ, ಜಾತ್ರೆ ಸಂತೆಗಳಂಥ ದೃಶ್ಯಗಳನ್ನು ಕಲ್ಪಿಸಿ ಬರೆಯುವ ನೆನಪಿನ ಚಿತ್ರ, ಚೌಕ ಅಥವಾ ವೃತ್ತದೊಳಗೆ ಹೂಬಳ್ಳಿಗಳನ್ನು ಹೊಂದಿಸುವ ವಿನ್ಯಾಸ ಹಾಗೂ ಕೈವಾರದ ನೆರವಿನ ಜ್ಯಾಮಿತಿ. ವಸ್ತುಚಿತ್ರಣದಲ್ಲಿ ಹಿತ್ತಾಳೆಯ ತಂಬಿಗೆಯನ್ನು ಮೇಜಿನ ಮೇಲಿಟ್ಟಾಗ ವಿದ್ಯಾರ್ಥಿಯು ಒಂದು ಕಣ್ಣನ್ನು ಮುಚ್ಚಿ, ತೋಳನ್ನು ಮಡಚದೆ ನೇರವಾಗಿ ಚಾಚಿ, ಹಿಡಿದ ಪೆನ್ಸಿಲ್ಲಿನ ಮೇಲೆ ಹೆಬ್ಬೆರಳನ್ನು ಸರಿಸುತ್ತ ತಂಬಿಗೆಯ ಎತ್ತರಕ್ಕೂ ಅಗಲಕ್ಕೂ ಇರುವ ಪ್ರಮಾಣವನ್ನು ಗುರುತಿಸಿಕೊಳ್ಳಬೇಕಿತ್ತು. ಅದರ ಬಾಯಿಯು ದುಂಡಗಿದೆಯೆಂದು ತಿಳಿದಿದ್ದರೂ ಕುಳಿತ ಜಾಗದಿಂದ ಕಣ್ಣಿಗೆ ಕಾಣುವುದು ಚಪ್ಪಟೆಯಾದ ದೀರ್ಘವೃತ್ತವೇ ಎಂಬುದನ್ನು ಒಪ್ಪಿಕೊಳ್ಳುವುದು ಹದಿಮೂರು ಹದಿನಾಲ್ಕರ ಮಕ್ಕಳಿಗೆ ಸುಲಭವಾಗಿರಲಿಲ್ಲ. ತಿಳಿದುದನ್ನು ಬದಿಗಿಟ್ಟು ಕಂಡುದನ್ನು ಬರೆಯುವ ಈ ಶಿಸ್ತನ್ನು ಯಾಂತ್ರಿಕವೆಂದು ಶಾಂತಿನಿಕೇತನದ ಪ್ರಭಾವಕ್ಕೊಳಗಾದ ವಿಮರ್ಶಕರು ಜರಿದುದು ಅರ್ಧ ಮಾತ್ರ ನ್ಯಾಯವಾದುದು. ವಿನ್ಯಾಸದ ಪತ್ರಿಕೆಯು ಯಾಂತ್ರಿಕವಾಗಿತ್ತು ನಿಜ. ವಸ್ತುಚಿತ್ರಣವಾದರೋ ಶಾಲೆಯ ಬೇರೆ ಯಾವ ವಿಷಯವೂ ಕಲಿಸದ ನೋಟವನ್ನು ಕಲಿಸುತ್ತಿತ್ತು.

ಈ ಪರೀಕ್ಷೆಗಳನ್ನು ದಾಟಿ, ಚಿತ್ರ ಶಿಕ್ಷಕರ ತರಬೇತಿಯನ್ನೂ ಮುಗಿಸಿ ಊರಿಗೆ ಮರಳಿದವರೇ ಡ್ರಾಯಿಂಗ್ ಮಾಸ್ತರರಾದರು. ಶಿಕ್ಷಕರ ಕೋಣೆಯ ಶ್ರೇಣಿಯಲ್ಲಿ ಇವರ ಸ್ಥಾನ ವ್ಯಾಯಾಮ ಶಿಕ್ಷಕರ ಆಸುಪಾಸಿನದು. ವಾರಕ್ಕೊಂದೋ ಎರಡೋ ಗಂಟೆ ಪಾಠ, ಗಣಿತದ ಮಾಸ್ತರರು ಕೇಳಿದರೆ ಅದನ್ನೂ ಬಿಟ್ಟುಕೊಡಬೇಕು. ಪ್ರತಿಯಾಗಿ ಸಾಧಕ ವಿದ್ಯಾರ್ಥಿಗಳ ಹೆಸರನ್ನು ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ ಬರೆಯುವುದು, ವಾರ್ಷಿಕ ಸಮ್ಮೇಳನದ ರಂಗಸಜ್ಜಿಕೆ, ರಾಷ್ಟ್ರನಾಯಕರ ಭಾವಚಿತ್ರ, ವಿಜ್ಞಾನದ ನಕಾಶೆ ಎಲ್ಲವೂ ಇವರ ಪಾಲಿನವೇ. ಉತ್ತರ ಕರ್ನಾಟಕದ ಊರುಗಳಲ್ಲಿ ನಾಟಕದ ಪರದೆ ಬರೆದು ಸಂಸಾರ ತೂಗಿಸಿದವರೂ ಇವರಲ್ಲಿದ್ದರು.

ಆದರೂ ಈ ಭಾಗದ ಆಧುನಿಕ ಕಲೆಯ ಬೇರು ಇರುವುದು ಇವರಲ್ಲಿಯೇ. ಬೆಳಗಾವಿಯ ಬೆನನ್ ಸ್ಮಿತ್ ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕರಾಗಿದ್ದ ಕೆ.ಬಿ. ಕುಲಕರ್ಣಿಯವರು ಭಾವಚಿತ್ರ ಮತ್ತು ನಿಸರ್ಗಚಿತ್ರಗಳಲ್ಲಿ ಸಿದ್ಧಹಸ್ತರಾಗಿದ್ದು, ಶಾಲೆಯ ಹೊರಗೆ ಚಿತ್ರ ಮಂದಿರವೆಂಬ ಕಲಾಶಾಲೆಯನ್ನೂ ನಡೆಸಿದರು; ಮುಂದೆ ಚಿತ್ರಕಾರರಾಗಿ ಹೆಸರಾದ ರವಿ ಪರಾಂಜಪೆ ಮೊದಲ ಪಾಠ ಕಲಿತುದು ಅವರಲ್ಲಿಯೇ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರೂ, ಗದಗಿನಲ್ಲಿ ವಿಜಯ ಕಲಾ ಮಂದಿರದ ಟಿ.ಪಿ. ಅಕ್ಕಿಯವರೂ ಕಟ್ಟಿದ ಕಲಾಶಾಲೆಗಳಿಂದ ಬಂದವರು ಸುತ್ತಲಿನ ಜಿಲ್ಲೆಗಳ ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರಾದರು. ಕಲಬುರಗಿಯ ಎಸ್.ಎಂ. ಪಂಡಿತರು ಮುಂಬಯಿಯ ಸಿನಿಮಾ ಭಿತ್ತಿಪತ್ರಗಳಿಂದಲೂ ಪೌರಾಣಿಕ ಚಿತ್ರಗಳಿಂದಲೂ ದೇಶಕ್ಕೆ ಪರಿಚಿತರಾಗುವ ಮುನ್ನ ತಮ್ಮ ಊರಿನಲ್ಲಿಯೇ ಶಂಕರರಾವ್ ಆಳಂದಕರ್ ಅವರಲ್ಲಿ ಕಲಿತಿದ್ದರು.

ಹಳೆಯ ಮೈಸೂರಿನ ಕಥೆ ಬೇರೆ. ಅಲ್ಲಿ ಮುಂದೆ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯೆನಿಸಿದ ಕೈಗಾರಿಕಾ ಶಾಲೆಯು ಬಡಗಿತನ, ದಂತದ ಕೆಲಸಗಳ ಜೊತೆಗೆ ಚಿತ್ರವನ್ನೂ ಕಲಿಸಿತು. ಉಡುಪಿಯ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಜೆ.ಜೆ. ಶಾಲೆಗೆ ಹೋಗುವ ಮೊದಲು ಇಲ್ಲಿ ಕೆಲಕಾಲ ಇದ್ದರು. ಬೆಂಗಳೂರಿನಲ್ಲಿ ಎ.ಎನ್. ಸುಬ್ಬರಾಯರು 1919ರಲ್ಲಿ ಕಲಾಮಂದಿರವನ್ನು ತೆರೆದರು. ಮೈಸೂರಿನ ಆರ್.ಕೆ. ಲಕ್ಷ್ಮಣರು ಶಾಲೆಯಲ್ಲಿ ಬರೆದ ಅರಳಿ ಎಲೆಯೊಂದನ್ನು ಶಿಕ್ಷಕರು ಮೆಚ್ಚಿಕೊಂಡುದೇ ತಾವು ಚಿತ್ರಕಾರರೆಂಬ ಭಾವನೆಗೆ ಮೊದಲಾಯಿತೆಂದು ಅವರು ಹೇಳಿಕೊಂಡಿದ್ದಾರೆ. ಇದೇ ಲಕ್ಷ್ಮಣರಿಗೆ ಜೆ.ಜೆ. ಶಾಲೆಯು ಪ್ರವೇಶವನ್ನು ನಿರಾಕರಿಸಿತು ಎಂಬುದನ್ನು ನೆನೆದರೆ, ಪ್ರತಿಭೆಯನ್ನು ಗುರುತಿಸುವುದರಲ್ಲಿ ಊರಿನ ಶಾಲಾಮಾಸ್ತರರು ದೊಡ್ಡ ಸಂಸ್ಥೆಗಿಂತ ಹಿಂದಿರಲಿಲ್ಲವೆನ್ನಬೇಕು.

ಸ್ವಾತಂತ್ರ್ಯಾನಂತರ 1952-53ರ ಮೊದಲಿಯಾರ್ ಆಯೋಗವು ಪ್ರೌಢಶಿಕ್ಷಣವನ್ನು ಏಳು ಶಾಖೆಗಳಾಗಿ ಕವಲೊಡೆಸುವ ಯೋಜನೆಯಲ್ಲಿ ಲಲಿತಕಲೆಗೂ ಒಂದು ಶಾಖೆಯನ್ನು ಕೊಟ್ಟಿತು. ಕಾಗದದ ಮೇಲೆ ಚಿತ್ರಕಲೆಗೆ ಅಷ್ಟು ಎತ್ತರದ ಸ್ಥಾನ ಹಿಂದೆ ಸಿಕ್ಕಿರಲಿಲ್ಲ, ಆದರೆ ಆ ಬಗೆಯ ವಿವಿಧೋದ್ದೇಶ ಶಾಲೆಗಳೇ ಬಹುಕಾಲ ನಿಲ್ಲಲಿಲ್ಲ. 1956ರಲ್ಲಿ ರಾಜ್ಯವು ಒಂದಾದ ಮೇಲೆ ಪರೀಕ್ಷೆಗಳು ರಾಜ್ಯ ಸರ್ಕಾರದ ಆಡಳಿತಕ್ಕೆ ಬಂದು, ಲೋಯರ್ ಮತ್ತು ಹೈಯರ್ ಗ್ರೇಡ್ ಎಂಬ ಹೆಸರಿನಲ್ಲಿ ಮುಂದುವರಿದವು. ಎಸ್.ಎಸ್.ಎಲ್.ಸಿ.ಯ ಅಂಕಗಳ ಮೊತ್ತಕ್ಕೆ ಮಾತ್ರ ಚಿತ್ರಕಲೆ ಸೇರಲಿಲ್ಲ. ಶ್ರೇಣಿ ನೀಡಿ ಮುಗಿಸುವ ಸಹಪಠ್ಯ ವಿಷಯವಾಗಿ ಅದು ಉಳಿಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಯು ಕಡ್ಡಾಯ ವಿಷಯವಾಗಬೇಕೆಂದು ಹೇಳಿತಾದರೂ, ಚಿತ್ರಕಲಾ ಶಿಕ್ಷಕರಿಲ್ಲದ ಶಾಲೆಗಳಲ್ಲಿ ಆ ಮಾತಿಗೆ ಅರ್ಥ ಬರುವಂತಿಲ್ಲ. ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳು ಈಗಾಗಲೇ ಬಲ್ಲ ಮಕ್ಕಳನ್ನು ಮುಂದೆ ತರುತ್ತವೆಯೇ ಹೊರತು ಬಾರದವರಿಗೆ ಕಲಿಸುವುದಿಲ್ಲ.

ಕನ್ನಡದಲ್ಲಿ ಬರೆಯಲಾದ ಕಲಾ ಇತಿಹಾಸಗಳು ಪ್ರಸಿದ್ಧ ಕಲಾವಿದರ ಬಾಲ್ಯವನ್ನು ಹೇಳುವಾಗ ಈ ಮಾಸ್ತರರನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಶತಮಾನೋತ್ಸವ ಆಚರಿಸುತ್ತಿರುವ ಪ್ರೌಢಶಾಲೆಗಳು ತಮ್ಮ ಸ್ಮರಣ ಸಂಚಿಕೆಗಳಲ್ಲಿ ಮುಖ್ಯೋಪಾಧ್ಯಾಯರ ಪಟ್ಟಿಯ ಜೊತೆಗೆ ಚಿತ್ರಕಲಾ ಶಿಕ್ಷಕರ ಪಟ್ಟಿಯನ್ನೂ ಪ್ರಕಟಿಸಬೇಕು. ಕಚೇರಿಯ ಗೋಡೆಯಲ್ಲಿ ಸಹಿ ಮಾಸಿ ತೂಗುತ್ತಿರುವ ಹಳೆಯ ಭಾವಚಿತ್ರಗಳನ್ನು ಹೊಸ ಬಣ್ಣ ಹೊಡೆಯುವಾಗ ಗುಜರಿಗೆ ಹಾಕದೆ, ಬರೆದವರ ಹೆಸರನ್ನು ಹಳೆಯ ವಿದ್ಯಾರ್ಥಿಗಳಿಂದ ಕೇಳಿ ತಿಳಿದು, ಚಿತ್ರದ ಕೆಳಗೆ ಬರೆದಿಡಬೇಕು. ಆ ಹೆಸರುಗಳನ್ನು ಬಲ್ಲವರು ಇನ್ನೂ ಕೆಲವರು ಉಳಿದಿರುವಾಗಲೇ ಈ ಕೆಲಸ ಆಗಬೇಕಾಗಿದೆ.