ಆಕಾಶದ ಹೇನು, ಎಡಭುಜದ ಹಿಂದಿನ ಪಿಡಿ

ಪೆಟ್ಟಿಗೆಗೆ ಮೊಳೆ ಹೊಡೆಯಬಲ್ಲವನು ವಿಮಾನವನ್ನೂ ಕಟ್ಟಬಲ್ಲ ಎಂದು ಜನರನ್ನು ನಂಬಿಸಿದವನು ಫ್ರಾನ್ಸಿನ ಆನ್ರಿ ಮಿನ್ಯೆ. 1933ರಲ್ಲಿ ಅವನು ಹಾರಿಸಿದ ಎಚ್.ಎಂ.14ಕ್ಕೆ ಬೇಕಾದದ್ದು ಮರ, ಬಟ್ಟೆ ಮತ್ತು ಒಂದು ಮೋಟಾರ್‌ಸೈಕಲ್ ಎಂಜಿನ್. ಅದಕ್ಕೆ ಅವನಿಟ್ಟ ಹೆಸರು 'ಪೂ ಡ್ಯು ಸಿಯೆಲ್', ಅಂದರೆ ಆಕಾಶದ ಹೇನು. ಇಂಗ್ಲಿಷ್ ಕಡಲ್ಗಾಲುವೆ ದಾಟುವಷ್ಟರಲ್ಲಿ ಹೇನು ಚಿಗಟವಾಯಿತು: 'ಫ್ಲೈಯಿಂಗ್ ಫ್ಲೀ'. ವಿಮಾನ ಕಟ್ಟುವ ಬಗೆ ವಿವರಿಸಿದ ಅವನ ಪುಸ್ತಕ 1934ರಲ್ಲಿ ಬಂತು. ಮರುವರ್ಷ ಇಂಗ್ಲಿಷಿಗೆ ಅನುವಾದವಾಗುತ್ತಿದ್ದಂತೆ ಬ್ರಿಟನ್ನಿನ ಹಿತ್ತಿಲ ಶೆಡ್ಡುಗಳಲ್ಲಿ ಗರಗಸದ ಸದ್ದು ಶುರುವಾಯಿತು.

ಕೈಕಾಲು ಎರಡನ್ನೂ ಹೊಂದಿಸಿಕೊಂಡು ವಿಮಾನ ನಡೆಸುವುದು ಮಿನ್ಯೆಗೆ ಒಗ್ಗಿರಲಿಲ್ಲ. ಹಾಗಾಗಿ ಪೆಡಲುಗಳನ್ನೇ ಕಿತ್ತುಹಾಕಿದ. ಒಂದರ ಹಿಂದೊಂದು ಎರಡು ರೆಕ್ಕೆ, ಎಲ್ಲಕ್ಕೂ ಒಂದೇ ಕೋಲು. ಕೋಲನ್ನು ಹಿಂದಕ್ಕೆಳೆದರೆ ಮುಂದಿನ ರೆಕ್ಕೆ ಓರೆಯಾಗಿ ಮೂತಿ ಮೇಲೇಳಬೇಕು. ಸಾಮಾನ್ಯವಾಗಿ ಏಳುತ್ತಲೂ ಇತ್ತು. ಆದರೆ ವಿಮಾನ ಒಮ್ಮೆ ಕಡಿದಾಗಿ ಕೆಳಗಿಳಿಯತೊಡಗಿದರೆ ಲೆಕ್ಕ ತಲೆಕೆಳಗಾಗುತ್ತಿತ್ತು. ಎರಡು ರೆಕ್ಕೆಗಳ ನಡುವಿನ ಸಂದಿನಲ್ಲಿ ನುಗ್ಗುವ ಗಾಳಿ ಹಿಂದಿನ ರೆಕ್ಕೆಯನ್ನೇ ಹೆಚ್ಚಾಗಿ ಎತ್ತುತ್ತಿತ್ತು. ಚಾಲಕ ಜೀವ ಉಳಿಸಿಕೊಳ್ಳಲು ಕೋಲೆಳೆದಷ್ಟೂ ಮೂತಿ ಇನ್ನಷ್ಟು ನೆಲದತ್ತ ವಾಲುತ್ತಿತ್ತು.

ಸಾವುಗಳಾದ ಮೇಲೆ, 1936ರಲ್ಲಿ, ಬ್ರಿಟನ್ನಿನ ಫಾರ್ನ್‌ಬರೋದಲ್ಲಿಯೂ ಫ್ರಾನ್ಸಿನ ಷಲೆ-ಮ್ಯೂಡೋನ್‌ನಲ್ಲಿಯೂ ಇಡೀ ವಿಮಾನವನ್ನೇ ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿದಾಗ ದೋಷ ಬಯಲಾಯಿತು. ಮಿನ್ಯೆ ಆಮೇಲೆ ವಿನ್ಯಾಸ ತಿದ್ದಿದ, ನಿಜ. ಅಷ್ಟರಲ್ಲಿ ಹೇನಿನ ಮೋಹ ಇಳಿದುಹೋಗಿತ್ತು.

ಇಲ್ಲಿ ಕೈಕೆಲಸಕ್ಕೆ ಕುಂದಿರಲಿಲ್ಲ, ನಕ್ಷೆಯೇ ಕೈಕೊಟ್ಟಿತ್ತು. ಅರುವತ್ತು ವರ್ಷಗಳ ಬಳಿಕ ಅಮೆರಿಕದಲ್ಲಿ ಆದದ್ದು ಇದರ ತಿರುವುಮುರುವು.

ಅಲ್ಲಿ ಅದಕ್ಕೂ ಬಹಳ ಮೊದಲೇ, 1953ರಲ್ಲಿ, ಪಾಲ್ ಪೊಬೆರೆಜ್ನಿ ಮಿಲ್ವಾಕಿಯಲ್ಲಿ ಹುಟ್ಟುಹಾಕಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಈ ಹವ್ಯಾಸಕ್ಕೆ ಬಲ ತಂದಿತು. ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹವ್ಯಾಸಿಗಳೇ ಮಾಡಿರಬೇಕು, 'ಎಕ್ಸ್‌ಪೆರಿಮೆಂಟಲ್' ಎಂದು ವಿಮಾನದ ಮೇಲೆ ಬರೆದಿರಬೇಕು ಎಂಬ ನಿಯಮಗಳು ಬಂದವು. ಆದರೆ ಕಟ್ಟುವವನು ನಕ್ಷೆಯಿಂದ ಎಷ್ಟು ಸರಿಯಬಹುದು ಎಂಬುದು ಬಹುಮಟ್ಟಿಗೆ ಅವನ ವಿವೇಚನೆಗೇ ಉಳಿಯಿತು.

ವಿನ್ಯಾಸಕ ಬರ್ಟ್ ರುಟಾನ್‌ನ 'ಲಾಂಗ್-ಈಝಿ' ವಿಮಾನದ ನಕ್ಷೆಯಲ್ಲಿ ಇಂಧನದ ಟ್ಯಾಂಕು ಬದಲಿಸುವ ವಾಲ್ವಿನ ಪಿಡಿ ಚಾಲಕನ ಕಾಲುಗಳ ನಡುವೆ ಇತ್ತು. ಒಬ್ಬ ಹವ್ಯಾಸಿಗೆ ಕಾಕ್‌ಪಿಟ್ಟಿನೊಳಗೆ ಪೆಟ್ರೋಲು ಹರಿಯುವುದು ಬೇಡವೆನಿಸಿತು. ಬೆಂಕಿಗೆ ಹೆದರುವವನಿಗೆ ಇದು ಬುದ್ಧಿವಂತಿಕೆಯಾಗಿಯೇ ಕಾಣುತ್ತದೆ. ಅವನು ಪಿಡಿಯನ್ನು ಚಾಲಕನ ಎಡಭುಜದ ಹಿಂದಿನ ಗೋಡೆಗೆ ಜೋಡಿಸಿದ. ಯಾವ ಕಡೆ ತಿರುಗಿಸಿದರೆ ಯಾವ ಟ್ಯಾಂಕು ಎಂಬ ಗುರುತೂ ಹಾಕಲಿಲ್ಲ.

ಕೈ ಬದಲಿದ ಆ ವಿಮಾನವನ್ನು ಕೊನೆಗೆ ಕೊಂಡವನು ಗಾಯಕ ಜಾನ್ ಡೆನ್ವರ್. 2,700 ಗಂಟೆಗೂ ಮೀರಿ ಹಾರಿದ್ದವನು, ಆದರೆ ಈ ಬಗೆಯ ವಿಮಾನ ಅವನಿಗೆ ಹೊಸದು. ಇಂಧನದ ಮಟ್ಟ ತೋರುವ ಗಾಜು ಸೀಟಿನ ಹಿಂದಿದ್ದುದರಿಂದ ತಂತ್ರಜ್ಞನೊಬ್ಬ ಅದನ್ನು ನೋಡಲು ಸಣ್ಣ ಕನ್ನಡಿ ಕೊಟ್ಟ. ಪಿಡಿ ಕೈಗೆಟುಕಲೆಂದು ಇಕ್ಕಳ ಸಿಕ್ಕಿಸಿ ನೋಡಿದರು, ಆಗಲಿಲ್ಲ. ಸ್ವಲ್ಪ ಹೊತ್ತಿನ ಹಾರಾಟವೆಂದು ಡೆನ್ವರ್ ಇಂಧನವನ್ನೂ ತುಂಬಿಸಿಕೊಳ್ಳಲಿಲ್ಲ. 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಗೆ ವಿಮಾನ ಬಿತ್ತು, ಅವನು ಉಳಿಯಲಿಲ್ಲ. ಹಿಂದಕ್ಕೆ ತಿರುಚಿಕೊಂಡು ಪಿಡಿಗೆ ಕೈಚಾಚುವಾಗ ಅರಿವಿಲ್ಲದೆ ಬಲ ಪೆಡಲು ಒತ್ತಿಹೋಗಿ ಹಿಡಿತ ತಪ್ಪಿತು ಎಂದಿತು ತನಿಖಾ ಮಂಡಳಿ. ಪಿಡಿಯ ಜಾಗ, ಇಂಧನದ ಕೊರತೆ, ಸಾಲದ ತರಬೇತಿ, ಎಲ್ಲವನ್ನೂ ಕಾರಣಗಳ ಪಟ್ಟಿಗೆ ಸೇರಿಸಿತು.

ಅದೇ ಮಂಡಳಿ 2012ರಲ್ಲಿ ಹವ್ಯಾಸಿ ವಿಮಾನಗಳ ಅಧ್ಯಯನ ಪ್ರಕಟಿಸಿತು. 2011ರಲ್ಲಿ ಅಪಘಾತಕ್ಕೀಡಾದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇನ್ನೊಬ್ಬರು ಕಟ್ಟಿ ಮಾರಿದಂಥವು. ಹೊಸ ರೇಡಿಯೋ, ಥಳಥಳಿಸುವ ಪರದೆಗಳಿಗೆ ಹಣ ಸುರಿಯುವವರು ಮೊದಲು ಸೀಟಿನಲ್ಲಿ ಬೆಲ್ಟು ಬಿಗಿದು ಕೂತು, ಕಣ್ಣುಮುಚ್ಚಿ ವಾಲ್ವಿಗೆ ಕೈಯಿಟ್ಟು ನೋಡುವುದು ಲೇಸು.

ಆ ಅಧ್ಯಯನ ಬರುವ ಕಾಲಕ್ಕೂ ಹೊಸದಾಗಿ ಕಟ್ಟಿದ ವಿಮಾನದ ಪರೀಕ್ಷಾ ಹಾರಾಟವನ್ನು ಸಾಮಾನ್ಯವಾಗಿ ಒಬ್ಬಂಟಿಯಾಗಿಯೇ ಮುಗಿಸಬೇಕಿತ್ತು. ಅರ್ಹ ಚಾಲಕನೊಬ್ಬನನ್ನು ಜೊತೆಗೆ ಕೂರಿಸಿಕೊಳ್ಳಲು ಅಮೆರಿಕದ ವಿಮಾನಯಾನ ಆಡಳಿತ ದಾರಿ ಮಾಡಿಕೊಟ್ಟದ್ದು 2014ರಲ್ಲಿ.