ಯುಎಇಯಲ್ಲಿ ಹೊಸ ಪೈಲಟ್‌ನ ಮೊದಲ ವಿಮಾನ

ಖಾಸಗಿ ಪೈಲಟ್ ಲೈಸೆನ್ಸ್ ಪಡೆದವರು ಸ್ವಂತ ಪ್ರಯಾಣಕ್ಕೆಂದು ಮೊದಲು ಕೊಳ್ಳುವುದು ಸಾಮಾನ್ಯವಾಗಿ ಒಂದೇ ಎಂಜಿನ್ನಿನ, ಎರಡು ಅಥವಾ ನಾಲ್ಕು ಸೀಟಿನ ಪ್ರೊಪೆಲ್ಲರ್ ವಿಮಾನವನ್ನು. ದುಬೈ, ಅಬುಧಾಬಿಗಳಲ್ಲಿ ನೆಲೆಸಿದವರಿಗೆ ಈ ಆಯ್ಕೆಯಲ್ಲಿ ನಾಲ್ಕು ಸಂಗತಿಗಳು ಮುಖ್ಯ: ಬೇಸಿಗೆಯ ಬಿಸಿ, ದೇಶದ ಚಿಕ್ಕ ವಿಸ್ತಾರ, ಸಿಗುವ ಇಂಧನ ಮತ್ತು ವಿಮಾನ ನಿಲ್ಲಿಸುವ ಜಾಗ. ವೇಗ ಮತ್ತು ಅಂದಚಂದ ಆಮೇಲಿನ ಮಾತು.

ಈ ನೆಲಕ್ಕೆ ವಿಮಾನ ಹೊಸದಲ್ಲ. ಭಾರತದತ್ತ ಹೊರಟ ಇಂಪೀರಿಯಲ್ ಏರ್‌ವೇಸ್ ವಿಮಾನಗಳು 1932ರಿಂದ ಶಾರ್ಜಾದ ಅಲ್ ಮಹತ್ತಾದಲ್ಲಿ ಇಳಿಯುತ್ತಿದ್ದವು. ಆ ಜಾಗ ಈಗ ಮ್ಯೂಸಿಯಂ. 1982ರವರೆಗೆ ಅಬುಧಾಬಿಯ ಮುಖ್ಯ ನಿಲ್ದಾಣವಾಗಿದ್ದ ಅಲ್ ಬತೀನ್ ಇಂದು ಖಾಸಗಿ ವಿಮಾನಗಳ ತಾಣ. ದುಬೈ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ದೊಡ್ಡ ಜೆಟ್‌ಗಳದ್ದೇ ದಟ್ಟಣೆಯಾದ್ದರಿಂದ, ಖಾಸಗಿ ಹಾರಾಟದ ಬಹುಪಾಲು 2010ರಲ್ಲಿ ಆರಂಭವಾದ ಅಲ್ ಮಕ್ತೂಮ್ ನಿಲ್ದಾಣದತ್ತ ಸರಿದಿದೆ. ರಾಸ್ ಅಲ್ ಖೈಮಾದ ಅಲ್ ಜಜೀರಾ ಕ್ಲಬ್ ಹಗುರ ವಿಮಾನಗಳಿಗೆ ಹೆಸರಾದದ್ದು. ನೋಂದಣಿ, ಲೈಸೆನ್ಸ್ ಮತ್ತು ಹಾರಾಟ ಯೋಗ್ಯತೆಯ ಪ್ರಮಾಣಪತ್ರಗಳನ್ನು 1996ರಲ್ಲಿ ಸ್ಥಾಪನೆಯಾದ ನಾಗರಿಕ ವಿಮಾನಯಾನ ಪ್ರಾಧಿಕಾರ, ಅಂದರೆ ಜಿಸಿಎಎ, ಕೊಡುತ್ತದೆ. ಇಲ್ಲಿ ನೋಂದಣಿಯಾದ ವಿಮಾನದ ಮೈಮೇಲಿನ ಗುರುತು ‘ಎ6’ ಎಂದು ಶುರುವಾಗುತ್ತದೆ.

ಬಿಸಿಯ ಲೆಕ್ಕ

ಬಿಸಿ ಏರಿದಂತೆ ಗಾಳಿ ತೆಳುವಾಗುತ್ತದೆ. ಆಗ ರೆಕ್ಕೆ, ಪ್ರೊಪೆಲ್ಲರ್, ಎಂಜಿನ್ ಮೂರರ ಶಕ್ತಿಯೂ ಕುಗ್ಗುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಪ್ರಮಾಣಿತ ಉಷ್ಣತೆ. ಅದಕ್ಕಿಂತ ಹೆಚ್ಚಾಗುವ ಪ್ರತಿ ಡಿಗ್ರಿಗೆ ವಿಮಾನವು ಸುಮಾರು 120 ಅಡಿ ಹೆಚ್ಚು ಎತ್ತರದಲ್ಲಿರುವಂತೆ ವರ್ತಿಸುತ್ತದೆ. 45 ಡಿಗ್ರಿಯ ಮಧ್ಯಾಹ್ನ ದುಬೈನ ಕಡಲತೀರದಲ್ಲಿ ನಿಂತ ವಿಮಾನಕ್ಕೆ ಈ ಲೆಕ್ಕದಲ್ಲಿ ಸುಮಾರು 1,100 ಮೀಟರ್ ಎತ್ತರದ ಗಾಳಿ ಸಿಗುತ್ತದೆ. ಅದು ಬೆಂಗಳೂರನ್ನು ಮೀರಿದ, ಹೆಚ್ಚುಕಡಿಮೆ ಮಡಿಕೇರಿಯ ಎತ್ತರ. ಮೊದಲೇ 265 ಮೀಟರ್ ಮೇಲಿರುವ ಅಲ್ ಐನ್‌ನಲ್ಲಿ ಅದೇ ಬಿಸಿಗೆ ಲೆಕ್ಕ 1,400 ಮೀಟರ್ ದಾಟುತ್ತದೆ.

ಇಲ್ಲಿ ರನ್‌ವೇ ಸಾಲದೆಹೋಗುವ ಚಿಂತೆಯಿಲ್ಲ. ಅಲ್ ಐನ್‌ನ ರನ್‌ವೇ 4 ಕಿ.ಮೀ., ಅಲ್ ಮಕ್ತೂಮ್‌ನದು 4.5 ಕಿ.ಮೀ. ಉದ್ದ. ತೊಂದರೆ ಎದುರಾಗುವುದು ನೆಲ ಬಿಟ್ಟ ಮೇಲೆ, ಮೇಲೇರುವ ವೇಗ ಕುಸಿದಾಗ. ದುಬೈನಿಂದ ಫುಜೈರಾಕ್ಕೆ ಹೋಗುವ ದಾರಿಯಲ್ಲಿ ಹಜರ್ ಬೆಟ್ಟಸಾಲು ಅಡ್ಡ ಬರುತ್ತದೆ. ಉತ್ತರದ ಜೆಬೆಲ್ ಜೈಸ್ 1,900 ಮೀಟರ್ ಮೀರುತ್ತದೆ. ಆದ್ದರಿಂದ ವಿಮಾನ ನೋಡಲು ಹೋದವರು ಮೊದಲು ಕೇಳಬೇಕಾದದ್ದು ಅದರ ಕೈಪಿಡಿಯಲ್ಲಿನ ಪೂರ್ತಿ ತೂಕ, 40 ಡಿಗ್ರಿ ಬಿಸಿಯ ಅಂಕಿಗಳನ್ನು.

ಸೀಟು ಎಷ್ಟು, ಜನ ಎಷ್ಟು

1956ರಿಂದ ಮಾರುಕಟ್ಟೆಯಲ್ಲಿರುವ, 44,000ಕ್ಕೂ ಹೆಚ್ಚು ತಯಾರಾಗಿರುವ ಸೆಸ್ನಾ 172 ಹೊಸಬರಿಗೆ ಅತಿ ಪರಿಚಿತ ಹೆಸರು. ಬೆಂಗಳೂರಿನ ಜಕ್ಕೂರು ತರಬೇತಿ ಶಾಲೆಯಲ್ಲಿ ಕಲಿತವರೂ ಇದನ್ನು ಬಲ್ಲರು. 180 ಅಶ್ವಶಕ್ತಿಯ 172ಎಸ್ ಮಾದರಿಯ ಗರಿಷ್ಠ ತೂಕ 1,157 ಕಿಲೊ. ಖಾಲಿ ವಿಮಾನದ ತೂಕ ಕಳೆದರೆ ಉಳಿಯುವುದು ಸುಮಾರು 395 ಕಿಲೊ. ಟ್ಯಾಂಕ್ ತುಂಬಿಸಿದರೆ ಪೆಟ್ರೋಲಿಗೇ ಸುಮಾರು 145 ಕಿಲೊ ಹೋಗುತ್ತದೆ. ಮಿಕ್ಕ 250 ಕಿಲೊ ಮೂವರು ದೊಡ್ಡವರಿಗೆ, ಅವರ ಲಗೇಜಿಗೆ ಸಾಕು. ನಾಲ್ಕು ಸೀಟು ಇವೆಯೆಂದು ನಾಲ್ವರು ದೊಡ್ಡವರು ಹತ್ತಬೇಕಾದರೆ ಇಂಧನ ಇಳಿಸಬೇಕು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹಾರಲಿರುವವರು ಹಣ ಕೊಡುವ ಮೊದಲೇ ಈ ಲೆಕ್ಕವನ್ನು ಮನೆಯವರ ನಿಜವಾದ ತೂಕ ಹಾಕಿ ಮಾಡಬೇಕು.

ಹೆಚ್ಚು ವೇಗ ಬಯಸುವವರ ಕಣ್ಣು ಸಿರಸ್ ಎಸ್‌ಆರ್22 ಮೇಲೆ ಬೀಳುತ್ತದೆ. 310 ಅಶ್ವಶಕ್ತಿಯ ಎಂಜಿನ್, ಎಸಿ, ಇಡೀ ವಿಮಾನವನ್ನೇ ನೆಲಕ್ಕಿಳಿಸುವ ಪ್ಯಾರಾಚೂಟ್ ಇದರ ಆಕರ್ಷಣೆ. 2017ರಲ್ಲಿ ಶುರುವಾದ ದುಬೈನ ಎಮಿರೇಟ್ಸ್ ತರಬೇತಿ ಅಕಾಡೆಮಿ ತನ್ನ ವಿದ್ಯಾರ್ಥಿಗಳಿಗೆ ಆರಿಸಿಕೊಂಡದ್ದೂ ಇದನ್ನೇ. ಆದರೆ ಅಲ್ಲಿ ಪಕ್ಕದಲ್ಲಿ ಬೋಧಕರಿರುತ್ತಾರೆ, ದಿನವೂ ಹಾರಾಟವಿರುತ್ತದೆ. ಸಿರಸ್ ವಿಮಾನಗಳ ಮಾರಕ ಅಪಘಾತಗಳು ತಗ್ಗಿದ್ದು ಮಾಲೀಕರಿಗೆ ವಿಶೇಷ ತರಬೇತಿ ಕೊಟ್ಟು, ಪ್ಯಾರಾಚೂಟನ್ನು ಯಾವಾಗ ಎಳೆಯಬೇಕೆಂದು ಕಲಿಸಿದ ಮೇಲೆ.

ವೇಗದ ಲಾಭವಾದರೂ ಎಷ್ಟು? ದುಬೈ–ಫುಜೈರಾ ನಡುವಿನ ಆಕಾಶದೂರ ಸುಮಾರು 100 ಕಿ.ಮೀ. ಗಂಟೆಗೆ 225 ಕಿ.ಮೀ. ಹೋಗುವ ಸೆಸ್ನಾಕ್ಕೆ 27 ನಿಮಿಷ, 330 ಕಿ.ಮೀ. ಹೋಗುವ ಸಿರಸ್‌ಗೆ 18 ನಿಮಿಷ. ಅಬುಧಾಬಿಯಿಂದ ಅಲ್ ಐನ್ 120 ಕಿ.ಮೀ. ಅಷ್ಟೆ. ಸುಮಾರು 350 ಕಿ.ಮೀ. ದೂರದ ಮಸ್ಕತ್‌ಗೆ ಹೋದರೂ ಉಳಿತಾಯ ಅರ್ಧ ಗಂಟೆ. ಗಡಿ ದಾಟುವ ಹಾರಾಟದ ಪೂರ್ವಾನುಮತಿ, ಕಸ್ಟಮ್ಸ್, ಇಮಿಗ್ರೇಷನ್‌ಗಳಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ದೇಶದೊಳಗೇ ಹಾರುವವರಿಗೆ ವೇಗಕ್ಕೆ ಕೊಡುವ ಹೆಚ್ಚಿನ ಹಣ ಹೆಚ್ಚು ಫಲ ಕೊಡುವುದಿಲ್ಲ.

ಇಂಧನ ಮತ್ತು ನೆರಳು

ಸೆಸ್ನಾ, ಸಿರಸ್‌ಗಳಿಗೆ ಬೇಕಾದದ್ದು ನೀಲಿ ಬಣ್ಣದ ಸೀಸಯುಕ್ತ ವಿಮಾನ ಪೆಟ್ರೋಲ್, ಅಂದರೆ ಆವ್‌ಗ್ಯಾಸ್. ಇದು ಎಲ್ಲ ನಿಲ್ದಾಣಗಳಲ್ಲೂ ಸಿಗುವುದಿಲ್ಲ. ಜೆಟ್‌ಗಳು ಕುಡಿಯುವ ಜೆಟ್ ಎ-1 ಸಿಗುವುದು ಸುಲಭ. ಆಸ್ಟ್ರಿಯಾ ಮೂಲದ ಡೈಮಂಡ್ ಡಿಎ40 ಎನ್‌ಜಿ ಈ ಇಂಧನದಿಂದಲೇ ಓಡುವ 168 ಅಶ್ವಶಕ್ತಿಯ ಎಂಜಿನ್ ಹೊಂದಿದೆ. ಟರ್ಬೊಚಾರ್ಜರ್ ಇರುವುದರಿಂದ ತೆಳು ಗಾಳಿಯಲ್ಲೂ ಅದರ ಶಕ್ತಿ ಅಷ್ಟಾಗಿ ಕುಗ್ಗದು; ಇಂಧನದ ಖರ್ಚೂ ಕಡಿಮೆ. ಒಬ್ಬರೋ ಇಬ್ಬರೋ ಹಾರುವುದಾದರೆ 100 ಅಶ್ವಶಕ್ತಿಯ ರೋಟಾಕ್ಸ್ ಎಂಜಿನ್ನಿನ ಟೆಕ್ನಾಮ್‌ನಂಥ ಎರಡು ಸೀಟಿನ ವಿಮಾನ ಸಾಕು. ಅದಕ್ಕೆ ಕಾರಿನ ಪೆಟ್ರೋಲ್ ಕೂಡ ಆಗುತ್ತದೆ.

ಹ್ಯಾಂಗರ್ ಇಲ್ಲಿ ಅಗತ್ಯ ಖರ್ಚು. ಕೊಲ್ಲಿಯ ಉಪ್ಪಿನ ತೇವ ಅಲ್ಯೂಮಿನಿಯಂ ಕವಚವನ್ನು ತಿನ್ನುತ್ತದೆ. ಶಮಾಲ್ ಗಾಳಿ ತರುವ ಮರಳುಧೂಳು ಏರ್ ಫಿಲ್ಟರನ್ನು ಮುಚ್ಚುತ್ತದೆ. ಸಿರಸ್, ಡೈಮಂಡ್‌ಗಳ ಫೈಬರ್ ಮೈಗೆ ತುಕ್ಕಿನ ಭಯವಿಲ್ಲ, ಆದರೆ ಬಿಸಿಗೆ ಮಿತಿಯಿದೆ; ಅವುಗಳಿಗೆ ಬಿಳಿ ಬಣ್ಣ ಬಳಿಯುವುದು ಅದಕ್ಕೇ.

ಕೊಳ್ಳುವ ಮೊದಲು

ಸೆಕೆಂಡ್ ಹ್ಯಾಂಡ್ ವಿಮಾನವಾದರೆ ಮಾರುವವರಿಗೆ ಸಂಬಂಧವಿಲ್ಲದ ಎಂಜಿನಿಯರ್‌ನಿಂದ ತಪಾಸಣೆ ಮಾಡಿಸಬೇಕು. ಲಾಗ್‌ಬುಕ್‌ಗಳು ಮೊದಲಿನಿಂದ ಪೂರ್ತಿ ಇರಬೇಕು. ಸೆಸ್ನಾದ ಲೈಕಮಿಂಗ್ ಎಂಜಿನ್‌ಗೆ ತಯಾರಕರು ಹೇಳುವ ಓವರ್‌ಹಾಲ್ ಅವಧಿ 2,000 ಗಂಟೆ. ಸಿರಸ್ ಪ್ಯಾರಾಚೂಟನ್ನು 10 ವರ್ಷಕ್ಕೊಮ್ಮೆ ಬದಲಾಯಿಸಬೇಕು. ಇವೆರಡೂ ಸಮೀಪಿಸಿದ ವಿಮಾನ ಅಗ್ಗಕ್ಕೆ ಸಿಕ್ಕರೂ ದುಬಾರಿಯೇ. ಬೇರೆ ದೇಶದಿಂದ ತರಿಸುವವರು ಆ ಮಾದರಿಯನ್ನು ರಿಪೇರಿ ಮಾಡಬಲ್ಲ ಅಧಿಕೃತ ವರ್ಕ್‌ಶಾಪ್ ಯುಎಇಯಲ್ಲೇ ಇದೆಯೇ ಎಂದು ಮುಂಚೆಯೇ ವಿಚಾರಿಸಬೇಕು.

ಅಂತರರಾಷ್ಟ್ರೀಯ ನಿಯಮದಂತೆ ಖಾಸಗಿ ಲೈಸೆನ್ಸ್‌ಗೆ ಬೇಕಾದ ಕನಿಷ್ಠ ಹಾರಾಟ 40 ಗಂಟೆ. ಇಷ್ಟೇ ಅನುಭವದಲ್ಲಿ ಕೊಳ್ಳಲು ಆತುರಪಡುವುದಕ್ಕಿಂತ ಕ್ಲಬ್ಬಿನ ವಿಮಾನವನ್ನು ಬಾಡಿಗೆಗೆ ಪಡೆಯುವುದು, ಇಲ್ಲವೇ ಮೂರ್ನಾಲ್ಕು ಮಂದಿ ಸೇರಿ ಪಾಲುದಾರಿಕೆಯಲ್ಲಿ ಕೊಳ್ಳುವುದು ಒಳ್ಳೆಯದು. ಬಾಡಿಗೆಯ ಅವಧಿಯಲ್ಲಿ ಜನವರಿಯ ಬೆಳಗಿನ ಮಂಜೂ ಇರಲಿ, ಜುಲೈನ ಮಧ್ಯಾಹ್ನವೂ ಇರಲಿ. ಬೋಧಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡೂ ಕಾಲದಲ್ಲಿ ಹಾರಿದವರಿಗೆ ತಮಗೆ ಎಷ್ಟು ಶಕ್ತಿಯ ಎಂಜಿನ್ ಬೇಕು, ಎಸಿ ಬೇಕೇ, ವರ್ಷದಲ್ಲಿ ಎಷ್ಟು ತಿಂಗಳು ನಿಜವಾಗಿ ಹಾರುತ್ತೇವೆ ಎಂಬುದು ಅಂದಾಜಿಗೆ ಸಿಗುತ್ತದೆ.