ಬನದ ಖರ್ಚು, ಬನದ ಲೆಕ್ಕ: ಚಂದ್ರಗಿರಿಯ ಉತ್ತರಕ್ಕೆ ಹರಕೆಯಿಂದ ಅನುದಾನದವರೆಗೆ

ಗಡಿಯಾಚೆಯ ಕನ್ನಡ ಎಂದಾಗ ನಾವು ಸಾಮಾನ್ಯವಾಗಿ ಶಾಲೆ, ಯಕ್ಷಗಾನ, ಪತ್ರಿಕೆ, ಕಚೇರಿಯ ಭಾಷೆ ಇವುಗಳ ಬಗ್ಗೆ ಮಾತಾಡುತ್ತೇವೆ. ನಾನು ಇವತ್ತು ಹಣದ ಕಡೆಯಿಂದ ಬರುತ್ತೇನೆ. ಕಾಸರಗೋಡಿನಲ್ಲಿ, ಮುಖ್ಯವಾಗಿ ಚಂದ್ರಗಿರಿ ಹೊಳೆಯಿಂದ ಮಂಜೇಶ್ವರದವರೆಗಿನ ನೆಲದಲ್ಲಿ, ನಾಗಬನ ಮತ್ತು ಭೂತದ ಬನಗಳಿಗೆ ಹಣ ಹೇಗೆ ಬಂತು, ಬಂದ ಹಣ ಮರವನ್ನು ಉಳಿಸಿತೋ ಕಡಿಯಿತೋ ಎನ್ನುವುದು ನನ್ನ ಪ್ರಶ್ನೆ. ಸಾಹಿತ್ಯದ ವಿದ್ಯಾರ್ಥಿಗೆ ಇದರಲ್ಲಿ ಏನು ಕೆಲಸ ಅಂತ ನಮ್ಮ ವಿಭಾಗದಲ್ಲೇ ಕೇಳಿದ್ದುಂಟು. ನಾನು ಓದಿದ್ದು ಪಠ್ಯಗಳನ್ನೇ: ಜೀರ್ಣೋದ್ಧಾರ ಸಮಿತಿಗಳ ವಿನಂತಿ ಪತ್ರಗಳು, ಆಮಂತ್ರಣ ಪತ್ರಿಕೆಗಳು, ಸರ್ಕಾರದ ನಮೂನೆಗಳು. ಕಾದಂಬರಿಯಷ್ಟೇ ಗಮನ ಕೊಟ್ಟು ಓದಿದರೆ ಅವೂ ಮಾತಾಡುತ್ತವೆ.

ಮೊದಲು ಹಳೆಯ ವ್ಯವಸ್ಥೆ. ಬನಕ್ಕೆ ಅಂತ ಯಾವ ನಿಧಿಯೂ ಇರಲಿಲ್ಲ. ಗುತ್ತು, ಬೀಡು, ದೊಡ್ಡ ಮನೆಗಳ ಗದ್ದೆಯ ಹುಟ್ಟುವಳಿಯಿಂದ ವರ್ಷಕ್ಕೊಂದು ತಂಬಿಲ, ಕೋಲ, ನಡಾವಳಿ ಆಗುತ್ತಿತ್ತು. ಎಣ್ಣೆ, ಸೀಯಾಳ, ಹಾಲು, ಹೂವು ಊರವರ ಹರಕೆಯಿಂದ ಬರುತ್ತಿತ್ತು. ಇದಿಷ್ಟೂ ದೈವದ ಖರ್ಚು. ಮರದ ಖರ್ಚು ಅಂತ ಒಂದು ಕಾಸೂ ಇಲ್ಲ. ಒಣಗಿದ ಗೆಲ್ಲು ಬಿದ್ದರೆ ಅದನ್ನು ಸೌದೆಗೆ ಒಯ್ಯಬಾರದು, ಒಳಗೆ ಕತ್ತಿ ಹಾಕಬಾರದು; ಇಂಥ ‘ಬಾರದು’ಗಳಿಂದ ಬನ ಬದುಕಿತು. ಅಂದರೆ ಯಾರೂ ಖರ್ಚು ಮಾಡದೆ ಬಿಟ್ಟ ಜಾಗದಲ್ಲಿ ಕಾಡು ಉಳಿಯಿತು. ಇದನ್ನು ನಾನು ಪೂರ್ವಜರ ಪರಿಸರ ಪ್ರಜ್ಞೆ ಎಂದು ಕರೆಯಲು ತಯಾರಿಲ್ಲ. ಅವರಿಗೆ ಇದ್ದದ್ದು ಭಯ, ಭಕ್ತಿ. ಫಲ ಮಾತ್ರ ಕಾಡು.

ಬನದೊಳಗೆ ಕೈ ಹಾಕದೆ ಇರಲು ಇನ್ನೊಂದು ಕಾರಣವೂ ಇತ್ತು: ಹೊರಗೆ ಸಾಕಷ್ಟು ಸೊಪ್ಪು ಇತ್ತು. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು. ಆ ಜಿಲ್ಲೆಯಲ್ಲಿ ಕುಮ್ಕಿ ಎಂಬ ಹಕ್ಕು ಉಂಟಲ್ಲ, ವರ್ಗ ಜಮೀನಿನ ಸುತ್ತ ನೂರು ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ ತರುವ, ದನ ಮೇಯಿಸುವ ಹಕ್ಕು, ಅದು ಅಡಿಕೆ ತೋಟವನ್ನು ಸಾಕಿತು. ಕುಮ್ಕಿ ತುಂಬಿದ್ದಷ್ಟು ಕಾಲ ಬನದ ಮೇಲೆ ಒತ್ತಡ ಕಡಿಮೆ. ನಮ್ಮ ಕಡೆಯ ಪರಿಸರ ಬರಹಗಳು ನಾಗನ ಭಯವನ್ನು ಹೇಳುತ್ತವೆ, ಕುಮ್ಕಿಯನ್ನು ಮರೆಯುತ್ತವೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಬ್ರಿಟಿಷ್ ಆಡಳಿತ ದೇವಸ್ಥಾನಗಳಿಗೆ ಅವುಗಳ ಭೂಮಿಯ ಬದಲಿಗೆ ತಸ್ತೀಕು ಎಂಬ ನಗದು ಕೊಟ್ಟಿತು. ದೇವಸ್ಥಾನದ ಹೆಸರಿದ್ದ ಕಡೆ ಮಾತ್ರ ಅದು. ಗೋಪುರ ಇಲ್ಲದ, ಅರ್ಚಕ ಇಲ್ಲದ, ನಾಲ್ಕು ಕಲ್ಲು ಮತ್ತು ಒಂದು ಹುತ್ತ ಇರುವ ಬನ ಆ ಪುಸ್ತಕದಲ್ಲಿ ಜಾಗ ಪಡೆಯುವ ಬಗೆಯದ್ದಲ್ಲ.

ನಿಜವಾದ ಪೆಟ್ಟು 1970ರ ಜನವರಿ 1ರಿಂದ. ಕೇರಳದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು, ಗೇಣಿ ಪದ್ಧತಿ ಮುಗಿಯಿತು. ಒಕ್ಕಲಿಗೆ ನೆಲ ಸಿಕ್ಕಿದ್ದು ನ್ಯಾಯವೇ, ಅದರ ಬಗ್ಗೆ ನನಗೆ ಅನುಮಾನ ಇಲ್ಲ. ಭೂಮಿ ಕಳೆದುಕೊಂಡ ಧಾರ್ಮಿಕ ಸಂಸ್ಥೆಗಳಿಗೆ ವರ್ಷಾಶನದ ಏರ್ಪಾಡೂ ಕಾನೂನಿನಲ್ಲಿತ್ತು. ಆದರೆ ಗುತ್ತಿನ ಮನೆಯ ಗದ್ದೆ ಹೋಯಿತು, ತಂಬಿಲದ ಹೊಣೆ ಉಳಿಯಿತು. ಬನ ಇರುವ ಜಾಗ ಒಬ್ಬರ ಪಟ್ಟೆಯಲ್ಲಿ, ಅದರ ನಾಗ ಇನ್ನೊಂದು ಕುಟುಂಬದ ಮೂಲನಾಗ, ಆ ಕುಟುಂಬದ ಮಕ್ಕಳು ಮುಂಬಯಿಯಲ್ಲಿ, ದುಬೈಯಲ್ಲಿ. ಗುತ್ತು ಬಿಟ್ಟ ಜಾಗಕ್ಕೆ ಬಂದದ್ದು ಸಮಿತಿ: ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿ, ಬ್ಯಾಂಕಿನಲ್ಲಿ ಒಂದು ಜಂಟಿ ಖಾತೆ. ಇವತ್ತು ಯೋಜನೆಗಳ ಭಾಷೆಯಲ್ಲಿ ‘ಸಮುದಾಯ ಗುಂಪು’ ಎಂದು ಯಾವುದನ್ನು ಹುಡುಕುತ್ತಾರೋ ಅದು ನಮ್ಮಲ್ಲಿ ಆಗಲೇ ಉಂಟು. ಹಣ ಎತ್ತುವುದರಲ್ಲಿ ಅದಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ.

ಈಗ ಆ ಸಮಿತಿಗಳ ವಿನಂತಿ ಪತ್ರಕ್ಕೆ ಬರುತ್ತೇನೆ. ಕುಂಬಳೆ, ಬದಿಯಡ್ಕ, ಬೆಳ್ಳೂರು ಕಡೆಯಿಂದ ಒಂದು ಚೀಲ ತುಂಬುವಷ್ಟು ಪತ್ರಗಳನ್ನು ಕೂಡಿಹಾಕಿದ್ದೇನೆ. ಇದರ ರಚನೆ ಹೆಚ್ಚುಕಡಿಮೆ ಒಂದೇ. ಮೊದಲು ಸ್ಥಳಪುರಾಣ, ಸಂಸ್ಕೃತ ಭಾರದ ಕನ್ನಡದಲ್ಲಿ. ಇಲ್ಲಿ ಬನ ‘ದಟ್ಟ ಅರಣ್ಯದ ಮಧ್ಯೆ’ ಇರುತ್ತದೆ, ಮರ ಬಳ್ಳಿ ಎಲ್ಲ ಉಂಟು. ನಂತರ ಅಷ್ಟಮಂಗಲ ಪ್ರಶ್ನೆಯಲ್ಲಿ ಕಂಡುಬಂದ ದೋಷ, ಶಿಥಿಲಾವಸ್ಥೆ. ಆಮೇಲೆ ಅಂದಾಜು ಪಟ್ಟಿ: ನಾಗನ ಕಟ್ಟೆ, ಸುತ್ತು ಪೌಳಿ, ತಗಡಿನ ಚಪ್ಪರ, ಇಂಟರ್‌ಲಾಕ್, ಆವರಣ ಗೋಡೆ, ರಸ್ತೆ, ಬ್ರಹ್ಮಕಲಶೋತ್ಸವ. ಪುರಾಣದಲ್ಲಿದ್ದ ಅರಣ್ಯ ಅಂದಾಜು ಪಟ್ಟಿಗೆ ಬರುವಾಗ ಮಾಯ. ಮರಕ್ಕೆ ಹಣ ಇಟ್ಟ ಒಂದು ಪತ್ರವೂ ನನ್ನ ಚೀಲದಲ್ಲಿ ಇಲ್ಲ. ಮರ ಎಂಬ ಪದ ಇರುವುದು ಒಂದೇ ಕಡೆ: ಮರ ತೆರವು, ಜಾಗ ಸಮತಟ್ಟು.

ಈ ಸಾಲು ಓದಿ ನಗು ಬರಲಿಲ್ಲ. ಏಕೆಂದರೆ ಇದರ ಹಿಂದೆ ಕೆಟ್ಟ ಉದ್ದೇಶ ಇಲ್ಲ. ವಂತಿಗೆ ಕೊಟ್ಟವರಿಗೆ ಕೊಟ್ಟದ್ದು ಕಾಣಬೇಕು. ಮುಂಬಯಿಯಿಂದ ವರ್ಷಕ್ಕೊಮ್ಮೆ ಬರುವ ಅಣ್ಣನಿಗೆ ಕಾಲು ಕೆಸರಾಗಬಾರದು, ಕಾರು ಹತ್ತಿರ ನಿಲ್ಲಬೇಕು, ಕಟ್ಟೆಯ ಮೇಲೆ ಹೆಸರು ಕೆತ್ತಿರಬೇಕು. ಧೂಪದ ಮರದ ಮೇಲೆ ಹೆಸರು ಕೆತ್ತಲು ಆಗುವುದಿಲ್ಲವಲ್ಲ! ಹಾಗಾಗಿ ಬನಗಳಿಗೆ ಹಣದ ಕೊರತೆ ಉಂಟು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬನವನ್ನು ಸಣ್ಣದು ಮಾಡಿದ್ದು ಬಡತನಕ್ಕಿಂತ ಹೆಚ್ಚಾಗಿ ಸಮುದಾಯವೇ ಪ್ರೀತಿಯಿಂದ ಎತ್ತಿದ ಹಣ.

ಇದಕ್ಕೆ ಎದುರಾಗಿ ಇನ್ನೊಂದು ಬಗೆಯ ಹಣ ಈಚೆಗೆ ಬಂದಿದೆ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಂ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಬೇಕು ಎನ್ನುತ್ತದೆ. 43ನೇ ಕಲಂ ಸ್ಥಳೀಯ ಜೀವವೈವಿಧ್ಯ ನಿಧಿಯನ್ನು ಹೇಳುತ್ತದೆ. ರಾಜ್ಯದ ಅನುದಾನ, ರಾಷ್ಟ್ರೀಯ ಪ್ರಾಧಿಕಾರ ಮತ್ತು ರಾಜ್ಯ ಮಂಡಳಿಯ ಹಣ, ವ್ಯಾಪಾರಕ್ಕೆ ಸಂಪನ್ಮೂಲ ಒಯ್ಯುವವರಿಂದ ಎತ್ತಿದ ಶುಲ್ಕ ಅದರೊಳಗೆ ಬರಬೇಕು. ಸಮಿತಿಯ ಮುಖ್ಯ ಕೆಲಸ ಜನತಾ ಜೀವವೈವಿಧ್ಯ ದಾಖಲೆ ಬರೆಯುವುದು. ಇದು ನಿಧಾನವಾಗಿ ನಡೆಯುತ್ತಿದ್ದಾಗ 2019ರ ಆಗಸ್ಟಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಎಲ್ಲ ರಾಜ್ಯಗಳಿಗೂ 2020ರ ಜನವರಿ 31ರ ಗಡುವು ಹಾಕಿತು, ತಪ್ಪಿದರೆ ತಿಂಗಳಿಗೆ 10 ಲಕ್ಷ ರೂಪಾಯಿ. ಅಜ್ಜಿಯ ಬಾಯಲ್ಲಿರುವ ಗಿಡದ ಹೆಸರನ್ನು ಗಡುವಿನೊಳಗೆ ಬರೆದು ಮುಗಿಸುವುದು ಹೇಗೆ ಎಂದು ನ್ಯಾಯಮಂಡಳಿ ಹೇಳಲಿಲ್ಲ, ಬಿಡಿ. ಇದರ ಜೊತೆಗೆ ಕೇರಳ ಅರಣ್ಯ ಇಲಾಖೆ ಕಾವುಗಳ ರಕ್ಷಣೆಗೆ ಅವುಗಳ ಒಡೆಯರಿಗೆ, ಟ್ರಸ್ಟುಗಳಿಗೆ, ದೇವಸ್ವಗಳಿಗೆ ಧನಸಹಾಯ ಕೊಡುತ್ತದೆ. ಹರಿತ ಕೇರಳಂ ಮಿಷನ್ 2019ರ ಜೂನ್ 5ರಂದು ಪಚ್ಚತುರುತ್ತು ಯೋಜನೆ ಶುರು ಮಾಡಿತು. ಕನಿಷ್ಠ ಅರ್ಧ ಸೆಂಟ್ಸ್ ಜಾಗ ಇದ್ದರೂ ಸಾಕು, ಅಲ್ಲಿ ಸ್ಥಳೀಯ ಜಾತಿಯ ಗಿಡ ನೆಟ್ಟು ಕಿರುಕಾಡು ಮಾಡುವುದು. ಒಂದೇ ಪಂಚಾಯತಿನಲ್ಲಿ ಒಂದು ಸಮಿತಿ ಅರ್ಧ ಸೆಂಟ್ಸಿನಲ್ಲಿ ಹೊಸ ಕಾಡು ನೆಡುವುದಕ್ಕೂ ಇನ್ನೊಂದು ಸಮಿತಿ ಹಳೇ ಬನಕ್ಕೆ ಇಂಟರ್‌ಲಾಕ್ ಹಾಕುವುದಕ್ಕೂ ಏನೂ ಅಡ್ಡಿ ಇಲ್ಲ. ಎರಡೂ ಸಮುದಾಯದ ಕೆಲಸವೇ!

ಈ ಎರಡು ಸಮಿತಿಗಳು ಯಾಕೆ ಒಂದನ್ನೊಂದು ಕಾಣುವುದಿಲ್ಲ? ನನಗೆ ತೋರುವುದು ಎರಡು ಕಾರಣ. ಒಂದು, ಕಾಯ್ದೆಯ ಸಮುದಾಯ ಎಂದರೆ ಪಂಚಾಯತಿನ ಗಡಿಯೊಳಗಿನವರು. ಬನದ ಸಮುದಾಯ ಎಂದರೆ ಆ ನಾಗನಿಗೆ ಸೇರಿದವರು, ಅವರು ಎಲ್ಲಿದ್ದರೂ. ಒಂದಕ್ಕೆ ವಾರ್ಡು ಮುಖ್ಯ, ಇನ್ನೊಂದಕ್ಕೆ ಬಳಿ, ಕುಟುಂಬ. ಹಣ ಇರುವವರು ಊರಲ್ಲಿಲ್ಲ, ಊರಲ್ಲಿರುವವರ ಕೈಯಲ್ಲಿ ಬನದ ತೀರ್ಮಾನ ಇಲ್ಲ.

ಇನ್ನೊಂದು ಕಾರಣ ಭಾಷೆ, ನನಗೆ ಹತ್ತಿರದ್ದು. ಯೋಜನೆಯ ಪದ ‘ಕಾವು’. ಬನ ಇರುವವರಿಗೆ ಅದು ತಮ್ಮದು ಅನಿಸಬೇಕಲ್ಲ? ಪುತ್ತೂರು ತಾಲ್ಲೂಕಿನಲ್ಲಿ ಕಾವು ಎಂಬ ಊರೇ ಉಂಟು, ಪದ ನಮಗೆ ಪರಕೀಯ ಅಲ್ಲ. ಆದರೂ ಅರ್ಜಿಯಲ್ಲಿ ಕಂಡಾಗ ಅದು ಹೊಳೆಯಾಚೆಯವರ ತೆಯ್ಯದ ಜಾಗ ಅಂತಲೇ ಕೇಳಿಸುತ್ತದೆ. ದಾಖಲೆಯ ನಮೂನೆಯಲ್ಲಿ ‘ಸ್ಥಳೀಯ ಹೆಸರು’ ಎಂಬ ಅಂಕಣ ಉಂಟು. ಕಾಸರಗೋಡಿನಲ್ಲಿ ಆ ಅಂಕಣ ತುಂಬುವುದು ಸುಲಭದ ಮಾತಲ್ಲ. ಕನ್ನಡದ ಕಾಸರಕ, ತುಳುವಿನ ಕಾಯೆರ್, ಮಲೆಯಾಳದ ಕಾಞ್ಞಿರಂ ಒಂದೇ ಮರ. ಊರಿನ ಹೆಸರೇ ಈ ಮರದಿಂದ ಬಂತು ಎಂಬ ವಾದವೂ ಉಂಟು. 2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಮರ, ಹೂ, ಹಕ್ಕಿ, ಪ್ರಾಣಿಯನ್ನು ಘೋಷಿಸಿಕೊಂಡಾಗ ಮರದ ಸ್ಥಾನ ಸಿಕ್ಕಿದ್ದು ಇದಕ್ಕೇ. ಆಟಿ ಅಮಾವಾಸ್ಯೆಯಂದು ಸೂರ್ಯ ಮೂಡುವ ಮೊದಲು ಪಾಲೆ ಮರದ ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುವವರು ನಾವು. ಪಾಲೆ ಎಂದು ತಿಳಿದು ಕತ್ತಲೆಯಲ್ಲಿ ಕಾಸರಕದ ಕೆತ್ತೆ ತಂದರೆ ಪ್ರಾಣವೇ ಹೋದೀತು; ಪ್ರತಿ ವರ್ಷ ಆ ಹೊತ್ತಿಗೆ ಎಚ್ಚರಿಕೆ ಕೊಡುತ್ತಾರೆ. ಯಾವ ಹೆಸರಿಗೆ ಯಾವ ಮರ ಎಂಬ ತಿಳಿವಳಿಕೆ ಎಷ್ಟು ಗಟ್ಟಿ ಇರಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಇಲ್ಲಿನ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಈ ಹಕ್ಕನ್ನು ನಾವು ಶಿಕ್ಷಕರ ನೇಮಕಾತಿಗೆ, ಪಡಿತರ ಚೀಟಿಗೆ ಕೇಳಿದ್ದೇವೆ. ಗಿಡದ ಹೆಸರಿಗೂ ಕೇಳಬೇಕು ಎನ್ನುವುದು ನನ್ನ ವಾದ. ದಾಖಲೆಯಲ್ಲಿ ಬರೆದದ್ದಕ್ಕೆ ಮಾತ್ರ ನಾಳೆ ನಿಧಿಯ ಹಣ ಬರುತ್ತದೆ.

ಹಣ ಸರಿಯಾದ ಕಡೆ ಬಿದ್ದದ್ದಕ್ಕೂ ಉದಾಹರಣೆ ಜಿಲ್ಲೆಯಲ್ಲೇ ಉಂಟು. ಜಿಲ್ಲೆಯ ಪ್ರಾಣಿ ಎಂದು ಘೋಷಿಸಿದ್ದು ಮೃದುಚಿಪ್ಪಿನ ದೈತ್ಯ ಆಮೆಯನ್ನು, ಮಲೆಯಾಳದಲ್ಲಿ ಪಾಲಪ್ಪೂವನ್. ಚಂದ್ರಗಿರಿಯಲ್ಲಿ ಇದನ್ನು ಹುಡುಕಿದ ಆಯುಷಿ ಜೈನ್ ಅವರಿಗೆ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಎಡ್ಜ್ ಫೆಲೋಶಿಪ್ಪಿನ ಬೆಂಬಲ ಇತ್ತು. ಅವರು ಹೊಳೆಬದಿಯವರನ್ನು ಮಾತಾಡಿಸಿದರು: ಎಲ್ಲಿ ಕಂಡಿರಿ, ಯಾವ ತಿಂಗಳು, ಗಾಳಕ್ಕೆ ಬಿತ್ತಾ ಬಲೆಗೆ ಬಿತ್ತಾ. ಆ ಮಾತೇ ಮಾಹಿತಿಯಾಗಿ 2024ರಲ್ಲಿ ಪ್ರಬಂಧವಾಯಿತು. ಮೊಟ್ಟೆ ಕಾಯಲು, ಮರಿ ಹೊಳೆಗೆ ಬಿಡಲು ಊರವರೇ ಸೇರಿದರು. ಇಲ್ಲಿ ಕಟ್ಟೆ ಕಟ್ಟುವ ಪ್ರಶ್ನೆ ಇರಲಿಲ್ಲ. ಹೊಳೆಬದಿಯವರ ನೆನಪು ಬೇಕಿತ್ತು, ಅದಕ್ಕೆ ಹಣ ಸಿಕ್ಕಿತು. ಬೆಳ್ಳೂರಿನ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರ ಹೆಸರೂ ಹೇಳಬೇಕು. 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ನನಗೆ ಹೆಮ್ಮೆ ಉಂಟು. ಆದರೆ ಒಬ್ಬರಿಗೆ ಬಂದ ಪ್ರಶಸ್ತಿ ಒಂದು ಊರಿಗೆ ಬರುವ ನಿಧಿಯ ಬದಲಿ ಆಗುವುದಿಲ್ಲ.

ಪ್ರಬಂಧದ ಕರಡು ಓದಿದ ಗುರುಗಳೊಬ್ಬರು ಒಂದು ಆಕ್ಷೇಪ ಎತ್ತಿದ್ದರು: ಸರ್ಕಾರದ ಹಣ ಬಂದರೆ ನಾಗ ‘ಫಲಾನುಭವಿ’ ಆಗುತ್ತಾನೆ, ಭಯ ಹೋಗುತ್ತದೆ, ಭಯ ಹೋದರೆ ಮರವೂ ಹೋಗುತ್ತದೆ. ತೂಕದ ಮಾತು. ಆದರೆ ಇಂಟರ್‌ಲಾಕ್ ಹಾಕಿದವರಿಗೂ ನಾಗನ ಭಯ ಇತ್ತಲ್ಲ? ಹಾಗಾಗಿ ಅಂದಾಜು ಪಟ್ಟಿಯೇ ಬದಲಾಗಬೇಕು. ಪಂಚಾಯತಿನ ಜೀವವೈವಿಧ್ಯ ಸಮಿತಿಯಲ್ಲಿ ಬನ ಸಮಿತಿಯ ಒಬ್ಬರು ಕೂರಬೇಕು. ಬನ ಸಮಿತಿಯ ವಿನಂತಿ ಪತ್ರದಲ್ಲಿ ಧೂಪ, ಪಾಲೆ, ಪುನರ್ಪುಳಿಗೆ ಒಂದು ಸಾಲು ಇರಬೇಕು, ಬೇಲಿಗೆ ಒಂದು ಸಾಲು, ಏನೂ ಮಾಡದೆ ಬಿಡಬೇಕಾದ ಜಾಗಕ್ಕೆ ಇನ್ನೊಂದು. ದಾನಿಗಳ ಹೆಸರು ಗೋಡೆಯ ಮೇಲೆ ಬರಲಿ, ಗೋಡೆ ಮಾತ್ರ ಬನದ ಹೊರಗೆ ಇರಲಿ.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ, ಬನ ತುಳು ಪದ ಅಲ್ವಾ, ಕನ್ನಡದ ಪ್ರಬಂಧದಲ್ಲಿ ಯಾಕೆ ಅಂತ. ವನದ ತದ್ಭವ ಬನ, ಹಳಗನ್ನಡದಿಂದಲೇ ಉಂಟು. ಬನವಾಸಿಯಲ್ಲಿ, ಬನಶಂಕರಿಯಲ್ಲಿ ಇರುವುದೂ ಅದೇ. ಇನ್ನೊಂದು ವಿನಂತಿ: ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ 1970ಕ್ಕೆ ಮೊದಲಿನ ತಂಬಿಲದ ಖರ್ಚಿನ ಪುಸ್ತಕ ಇದ್ದರೆ ಫೋಟೊ ತೆಗೆದು ವಿಭಾಗಕ್ಕೆ ಕಳಿಸಿ. ಎಣ್ಣೆಗೆ ಎಷ್ಟು, ಸೀಯಾಳಕ್ಕೆ ಎಷ್ಟು ಎಂದಿದ್ದರೂ ಸಾಕು. ಪುಟದ ಅಂಚಿನಲ್ಲಿ ಬನದ ಗಡಿಯ ಗುರುತು ಬರೆದಿದ್ದರೆ ಅದನ್ನೂ ಸೇರಿಸಿ.